ಕಾನೂನು ಮತ್ತು ನೀತಿ: ತಪ್ಪು ಕಲ್ಪನೆಗಳು, ಸತ್ಯಾಂಶಗಳು

ಕಾನೂನನ್ನು ಶಾಸನಸಭೆ ರೂಪಿಸುತ್ತದೆ, ನ್ಯಾಯಾಲಯ ಅರ್ಥೈಸುತ್ತದೆ, ಮೀರಿದವರಿಗೆ ದಂಡನೆ ಉಂಟು. ನೀತಿಗೆ ಇಂಥ ಏರ್ಪಾಡಿಲ್ಲ. ಮನಸ್ಸಾಕ್ಷಿ ಮತ್ತು ಜನರ ವಿವೇಕವೇ ಅದಕ್ಕೆ ಕಾವಲು. ಕೊಲೆ, ಕಳವು, ವಂಚನೆಗಳ ವಿಷಯದಲ್ಲಿ ಎರಡೂ ಒಂದೇ ಮಾತು ಹೇಳುವುದರಿಂದ ಎರಡೂ ಒಂದೇ ಎಂಬ ಭಾವನೆ ಬೇರೂರಿದೆ.

ತಪ್ಪು ಕಲ್ಪನೆ: ಅಪರಾಧವಲ್ಲದ್ದು ತಪ್ಪೂ ಅಲ್ಲ.

ಸತ್ಯ: 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್, ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಸೆಕ್ಷನ್ ರದ್ದುಪಡಿಸಿತು. ವ್ಯಭಿಚಾರಕ್ಕೆ ಅನುಮತಿ ಸಿಕ್ಕಿತೆಂದು ಇದರ ಅರ್ಥವಲ್ಲ. ಹೆಂಡತಿಯನ್ನು ಗಂಡನ ಸ್ವತ್ತಿನಂತೆ ಕಾಣುವ ಆ ಸೆಕ್ಷನ್ ಸಮಾನತೆಗೆ ವಿರುದ್ಧ ಎಂಬುದು ತೀರ್ಪಿನ ತಿರುಳು. 1955ರ ಹಿಂದೂ ವಿವಾಹ ಕಾಯ್ದೆಯಡಿ ವಿವಾಹೇತರ ಲೈಂಗಿಕ ಸಂಬಂಧ ಈಗಲೂ ವಿಚ್ಛೇದನಕ್ಕೆ ಆಧಾರ.

ತಪ್ಪು ಕಲ್ಪನೆ: ಮೂರು ವರ್ಷ ಕಳೆದರೆ ಸಾಲ ಸತ್ತಂತೆ.

ಸತ್ಯ: ಕೈಸಾಲದ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕೆನ್ನುತ್ತದೆ 1963ರ ಕಾಲಮಿತಿ ಕಾಯ್ದೆ. ಗಡುವು ಮೀರಿದರೆ ಮುಚ್ಚುವುದು ಕೋರ್ಟಿನ ದಾರಿ ಮಾತ್ರ. ಸಾಲ ಹಾಗೇ ಇರುತ್ತದೆ. ಆಮೇಲೂ ಸಾಲಗಾರ ತಾನಾಗಿ ಹಣ ಕೊಟ್ಟರೆ, ಗಡುವು ಮುಗಿದಿತ್ತೆಂದು ಅದನ್ನು ವಾಪಸು ಕೇಳುವಂತಿಲ್ಲ. ಹಳೆಯ ಬಾಕಿ ತೀರಿಸುತ್ತೇನೆಂದು ಬರೆದು ಸಹಿ ಹಾಕಿಕೊಟ್ಟರಂತೂ, 1872ರ ಕರಾರು ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಆ ಮಾತಿಗೆ ಮತ್ತೆ ಕಾನೂನಿನ ಬಲ ಬರುತ್ತದೆ.

ತಪ್ಪು ಕಲ್ಪನೆ: ಕಾನೂನು ಮುರಿಯುವುದೆಲ್ಲ ಅನೀತಿ.

ಸತ್ಯ: 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದ ಸತ್ಯಾಗ್ರಹಿಗಳು ಅಂದಿನ ಸರ್ಕಾರದ ಲೆಕ್ಕದಲ್ಲಿ ಅಪರಾಧಿಗಳು. ಆದರೆ ಅವರು ಕದ್ದುಮುಚ್ಚಿ ಏನನ್ನೂ ಮಾಡಲಿಲ್ಲ. ಅದಕ್ಕೂ ಮೊದಲು, 1922ರಲ್ಲಿ ಅಹಮದಾಬಾದಿನಲ್ಲಿ ರಾಜದ್ರೋಹದ ವಿಚಾರಣೆ ಎದುರಿಸಿದ ಗಾಂಧೀಜಿ ಆರೋಪವನ್ನು ಒಪ್ಪಿಕೊಂಡು ಆರು ವರ್ಷದ ಸಜೆಗೆ ತಲೆಬಾಗಿದರು. ಅನ್ಯಾಯದ ಕಾಯ್ದೆಯನ್ನು ಬಹಿರಂಗವಾಗಿ ಮುರಿದು ಶಿಕ್ಷೆಗೆ ಸಿದ್ಧನಾಗುವವನೂ ಸ್ವಂತ ಲಾಭಕ್ಕೆ ತೆರಿಗೆ ತಪ್ಪಿಸುವವನೂ ಒಂದೇ ಅಲ್ಲ.

ತಪ್ಪು ಕಲ್ಪನೆ: ಊರು ಒಪ್ಪಿದ್ದೇ ನೀತಿ.

ಸತ್ಯ: ರೂಢಿ ಬೇರೆ, ನೀತಿ ಬೇರೆ. ವರದಕ್ಷಿಣೆ ಎಷ್ಟು ಮನೆಗಳಲ್ಲಿ ನಡೆದರೂ 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ತೆಗೆದುಕೊಳ್ಳುವುದೂ ಕೊಡುವುದೂ ಅಪರಾಧ. ದೇವರ ಹೆಸರಿನಲ್ಲಿ ನಡೆಯುತ್ತಿದ್ದ ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯ ಮೂಲಕ ನಿಷೇಧಿಸಿತು. ಇಲ್ಲಿ ರೂಢಿಗಿಂತ ಕಾನೂನೇ ನೀತಿಗೆ ಹತ್ತಿರ.

ತಪ್ಪು ಕಲ್ಪನೆ: ನೈತಿಕ ಕರ್ತವ್ಯಕ್ಕೂ ಕಾನೂನಿಗೂ ಸಂಬಂಧವಿಲ್ಲ.

ಸತ್ಯ: ನೀತಿ ಸೋತಲ್ಲಿ ಕೆಲವೊಮ್ಮೆ ಕಾನೂನು ಕೈಹಾಕುತ್ತದೆ. ಹೆತ್ತವರನ್ನು ಸಾಕುವುದು ಮಕ್ಕಳ ಧರ್ಮ. ಕೈಬಿಟ್ಟ ಮಕ್ಕಳಿಂದ ಜೀವನಾಂಶ ಕೋರಿ ವೃದ್ಧ ತಂದೆತಾಯಿ ನ್ಯಾಯಮಂಡಳಿಗೆ ಅರ್ಜಿ ಹಾಕಲು 2007ರ ಕಾಯ್ದೆ ಅವಕಾಶ ಕೊಟ್ಟಿದೆ. ನ್ಯಾಯಮಂಡಳಿ ಹಣ ಕೊಡಿಸಬಲ್ಲದು, ಅಕ್ಕರೆಯನ್ನಲ್ಲ. ಕಾನೂನು ಕೇಳುವುದು ಕನಿಷ್ಠವನ್ನು. ಅಷ್ಟನ್ನು ಪಾಲಿಸಿದ ಮಾತ್ರಕ್ಕೆ ಮನುಷ್ಯನ ಹೊಣೆ ಮುಗಿಯುವುದಿಲ್ಲ.