ನಾಲ್ಕುನಾಡು ಅರಮನೆಯ ಕಿಟಕಿ

ಕಕ್ಕಬ್ಬೆಯಿಂದ ಯವಕಪಾಡಿಯ ಕಡೆಗೆ ಏರುವ ದಾರಿಯಲ್ಲಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಹೆಂಚಿನ ಮಾಡು ಹೊತ್ತು ನಿಂತಿರುವ ನಾಲ್ಕುನಾಡು ಅರಮನೆಯನ್ನು ಈಚೆಗೆ ನೋಡಿಬಂದಂದಿನಿಂದ, ಅಲ್ಲಿಯ ವರ್ಣಚಿತ್ರಗಳಿಗಿಂತಲೂ ಕೆತ್ತನೆಯ ಕಂಬಗಳಿಗಿಂತಲೂ ಹೆಚ್ಚಾಗಿ, ಕತ್ತಲೆಗೋಣೆಯ ಕಿರುಗಿಟಕಿಯೊಂದು ನನ್ನ ಮನಸ್ಸನ್ನು ಆವರಿಸಿದೆ. ಒಳಗೆ ಕಾಲಿಟ್ಟವನು ಕಣ್ಣು ಹೊಂದಿಕೊಳ್ಳುವವರೆಗೆ ಗೋಡೆಯನ್ನು ತಡವಿಯೇ ನಡೆಯಬೇಕು. ಆ ಅಂಧಕಾರದಲ್ಲಿ ನಿಂತು ಇಣುಕಿದರೆ ಅಂಗಳವೂ ಮುಂದಿನ ಮದುವೆಯ ಮಂಟಪವೂ ನಿಚ್ಚಳವಾಗಿ ಕಾಣುವುವು. ಅಂಗಳಕ್ಕಿಳಿದು ಅದೇ ಕಿಟಕಿಯತ್ತ ದೃಷ್ಟಿಯಿಟ್ಟರೆ ಕಪ್ಪಲ್ಲದೆ ಮತ್ತೇನೂ ತೋರದು. ಜೊತೆಗಿದ್ದ ಮಿತ್ರರನ್ನು ಒಳಗೆ ನಿಲ್ಲಿಸಿ, ಕೈಬೀಸಲು ಹೇಳಿ, ನಾನು ಹೊರಗಿನಿಂದ ಬೇರೆ ಬೇರೆ ಕೋನಗಳಲ್ಲಿ ನೋಡಿದೆನು. ಅವರ ದನಿ ಕೇಳಿಸಿತೇ ಹೊರತು ಬೆರಳೂ ಕಾಣಿಸಲಿಲ್ಲ. ಕೊಡಗಿನ ಅತ್ಯುನ್ನತ ಶಿಖರದ ಮಡಿಲಲ್ಲಿ ಕಟ್ಟಿದ ಮನೆಗೆ ಬೆಟ್ಟವನ್ನು ಕಣ್ತುಂಬಿಕೊಳ್ಳುವ ಕಿಟಕಿಗಿಂತ ಬರುವವನ ಮೇಲೆ ಕಣ್ಣಿಡುವ ಕಿಟಕಿಯೇ ಬೇಕಾಯಿತಲ್ಲ ಎಂದು ವ್ಯಥೆಯಾಯಿತು.

ಕಟ್ಟಿಸಿದವನನ್ನು ದೂರಲಾರೆ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು 1792ರ ಸುಮಾರಿಗೆ ಕಾಡಿನ ನಡುವೆ ಆಶ್ರಯವೊಂದನ್ನು ಬಯಸಿದ್ದು ಪ್ರಾಣಭಯದಿಂದ. ಆದರೆ ಅದೇ ಕೋಣೆಗಳು ಅವನ ತಮ್ಮನ ಮಗನಾದ ಚಿಕವೀರರಾಜೇಂದ್ರನಿಗೂ 1834ರಲ್ಲಿ ಕಡೆಯ ಅಡಗುದಾಣವಾದುವು. ರಾಜ್ಯ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಕಾಶಿಯಲ್ಲಿ ವಾಸ ಒದಗಿತು. ಅಲ್ಲಿ ಮನಸ್ಸು ನಿಲ್ಲದೆ, ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಮನೆತನದ ಹಣವನ್ನು ಮರಳಿ ಪಡೆಯಬೇಕೆಂಬ ಹಂಬಲದಿಂದ ಆತನು 1852ರಲ್ಲಿ ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಮಗಳು ಗೌರಮ್ಮನಿಗೆ ವಿಕ್ಟೋರಿಯಾ ರಾಣಿ ಧರ್ಮಮಾತೆಯಾದಳು. ಹುಡುಗಿ ಅನ್ಯರ ಆರೈಕೆಯಲ್ಲಿ ಬೆಳೆದಳು. ತಂದೆ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಹಣ ಅವನ ಕೈಸೇರಲಿಲ್ಲ. ಮಗಳೂ 1864ರಲ್ಲಿ ಅಕಾಲಮರಣಕ್ಕೀಡಾದಳು. ಆತನ ಬೇಡಿಕೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಆದರೂ ಗಂಗಾತೀರದಲ್ಲಿ ಮಗಳೊಡನೆ ನೆಮ್ಮದಿಯಿಂದ ಕಳೆಯಬಹುದಾಗಿದ್ದ ವರ್ಷಗಳನ್ನು ಆ ಕಾಗದಗಳು ನುಂಗಿದುವೆಂಬುದನ್ನು ನೆನೆದಾಗ ಮರುಕವುಂಟಾಗುತ್ತದೆ.

ತನ್ನದನ್ನು ಕಾಯುವುದರಲ್ಲೇ ಸವೆದ ಈ ಬಾಳಿಗೂ ಆ ಕಿಟಕಿಗೂ ಎದುರಾದುದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಇದೇ ನಾಡಿನಲ್ಲಿ ಕೊಡವ ಕುಲಗಳ ಮೂಲಮನೆಗಳಾದ ಐನ್‌ಮನೆಗಳಿವೆ. ಅಲ್ಲಿಯ ಕಯ್ಯಾಲೆ, ಎಂದರೆ ಮುಂಜಗಲಿ, ಅಂಗಳಕ್ಕೆ ತೆರೆದುಕೊಂಡಿರುವುದು. ಕಂಬದಿಂದ ಕಂಬಕ್ಕೆ ಹಾಸಿದ, ತಲೆಮಾರುಗಳು ಕುಳಿತು ನುಣುಪಾದ ಐಮರವೆಂಬ ಹಲಗೆ ಒಬ್ಬನ ಸ್ವತ್ತಲ್ಲ, ಒಕ್ಕದ್ದು, ಎಂದರೆ ಇಡೀ ಕುಲದ್ದು. ಬಂದವನನ್ನು ಕತ್ತಲೆಯಿಂದ ನೋಡುವ ಬದಲು, ಅವನೊಡನೆ ಕುಳಿತು ಮಾತನಾಡುವುದಕ್ಕೆಂದೇ ಆ ಹಲಗೆಯನ್ನು ಹಾಕಿದಂತಿದೆ. ಎಲ್ಲರದೂ ಆದುದಕ್ಕೆ ಹೆಂಚು ಹೊದಿಸುವವರಾರೆಂಬ ಪ್ರಶ್ನೆ ಇಲ್ಲದಿಲ್ಲ. ಸೋರುವ ಮಾಡಿನ ಐನ್‌ಮನೆಗಳನ್ನೂ ಕಂಡಿದ್ದೇನೆ. ತೋಟಗಳು ಪಾಲಾಗಿ, ಬೇಲಿಯ ಗಡಿಗಾಗಿ ಅಣ್ಣತಮ್ಮಂದಿರು ಮಾತುಬಿಟ್ಟುದನ್ನೂ ಬಲ್ಲೆ. ಆದರೆ ಸುಗ್ಗಿಹಬ್ಬವಾದ ಹುತ್ತರಿಯ ರಾತ್ರಿ ಹೊಸ ಕದಿರನ್ನು ಮನೆತುಂಬಿಸಿಕೊಳ್ಳಲು ಬೆಂಗಳೂರು, ಮೈಸೂರುಗಳಿಂದ ಧಾವಿಸುವ ಎಷ್ಟೋ ಮಂದಿ, ತಮ್ಮ ಹೆಸರಿನಲ್ಲಿ ಪಟ್ಟೆಯಿರುವ ಮನೆಗೆ ಬೀಗ ಹಾಕಿ, ತಮ್ಮೊಬ್ಬರದೇ ಅಲ್ಲದ ಈ ಮನೆಗೇ ಬರುತ್ತಾರೆ.