ಅವಧಿ ಮೀರಿದ ಪ್ರತಿವಿಷ ಜೀವ ಉಳಿಸೀತೇ?

ಮುಂಗಾರು ಶುರುವಾಯಿತೆಂದರೆ ಹಾವುಗಳ ಓಡಾಟವೂ ಹೆಚ್ಚು. ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ-ನ್ಯಾಮತಿಯ ಗದ್ದೆ ಬದು, ಜಗಳೂರಿನ ಮೆಕ್ಕೆಜೋಳದ ಹೊಲಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇದು ಎಚ್ಚರದ ಕಾಲ. ವಿಷದ ಹಾವು ಕಚ್ಚಿದರೆ ಇರುವ ನಿಜವಾದ ಮದ್ದು ಒಂದೇ, ಪ್ರತಿವಿಷ. ಅದರ ಸೀಸೆಯ ಮೇಲಿನ ದಿನಾಂಕ ದಾಟಿಹೋಗಿದ್ದರೆ?

ಮೊದಲು ಈ ಮದ್ದು ಏನೆಂದು ತಿಳಿಯೋಣ. ಕುದುರೆಗೆ ಸ್ವಲ್ಪ ಸ್ವಲ್ಪವೇ ಹಾವಿನ ವಿಷ ಚುಚ್ಚಿದಾಗ ಅದರ ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳು ಹುಟ್ಟುತ್ತವೆ. ಅವನ್ನು ಬೇರ್ಪಡಿಸಿ ಶುದ್ಧಗೊಳಿಸಿದ್ದೇ ಪ್ರತಿವಿಷ. ನಮ್ಮ ದೇಶದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಸಲ್ಲುತ್ತದೆ. 1 ಮಿ.ಲೀ. ಮದ್ದು 0.60 ಮಿ.ಗ್ರಾಂ. ನಾಗರ ವಿಷವನ್ನು ಅಡಗಿಸಬೇಕೆಂಬುದು ನಿಯಮ.

ಸರಿಯಾಗಿ ಇಟ್ಟರೆ ಇಂಥ ದಿನದವರೆಗೆ ಈ ಶಕ್ತಿ ಖಂಡಿತ ಇರುತ್ತದೆಂಬ ತಯಾರಕರ ಭರವಸೆಯೇ ಸೀಸೆಯ ಮೇಲಿನ ದಿನಾಂಕ. ಮರುದಿನವೇ ಮದ್ದು ನೀರಾಗುತ್ತದೆಂದು ಅದರರ್ಥವಲ್ಲ. ಪ್ರೋಟೀನನ್ನು ಕೆಡಿಸುವುದು ಮುಖ್ಯವಾಗಿ ಶಾಖ. ದ್ರವರೂಪದ ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ನೀರಿನಂಶ ತೆಗೆದು ಪುಡಿ ಮಾಡಿದ್ದು ಹೆಚ್ಚು ಬಾಳುತ್ತದೆ. ಕರೆಂಟು ಕೈಕೊಡುವ ಹಳ್ಳಿಗಳಿಗೆ ಪುಡಿಯೇ ವಾಸಿ.

ಅಮೆರಿಕದಲ್ಲಿ ಹವಳದ ಹಾವಿನ ಪ್ರತಿವಿಷದ ತಯಾರಿಕೆ ನಿಂತಾಗ, 2008ಕ್ಕೆ ಮುಗಿಯಬೇಕಿದ್ದ ದಾಸ್ತಾನನ್ನು ಪರೀಕ್ಷಿಸಿ ಸರ್ಕಾರ ಅವಧಿಯನ್ನು ಹಲವು ಸಲ ವಿಸ್ತರಿಸಿತು. ಆಸ್ಟ್ರೇಲಿಯದ ವಿಜ್ಞಾನಿಗಳೂ 2009ರಲ್ಲಿ ಅವಧಿ ಮೀರಿದ ಮದ್ದುಗಳಲ್ಲಿ ಸತ್ವ ಉಳಿದಿರುವುದನ್ನು ಕಂಡರು. ಬೇರೆ ದಾರಿಯೇ ಇಲ್ಲದೆ ರೋಗಿಯ ಸ್ಥಿತಿ ಗಂಭೀರವಾಗಿದ್ದರೆ, ಇತ್ತೀಚೆಗೆ ಅವಧಿ ಮುಗಿದ ಮದ್ದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಮಾರ್ಗದರ್ಶಿಯೂ ಹೇಳುತ್ತದೆ.

ಹಾಗೆಂದು ಹಳೆಯ ಸೀಸೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಸಲ್ಲದು. ಬೆರೆಸಿದ ಮೇಲೆ ಕದಡಿದಂತೆ ಕಂಡರೆ ಅದು ನಿರುಪಯೋಗಿ. ಹೊಸ ಮದ್ದಿನಿಂದಲೂ ಕೆಲವರಿಗೆ ತೀವ್ರ ಅಲರ್ಜಿಯಾಗುವುದುಂಟು. ಸಾಮಾನ್ಯವಾಗಿ ಮೊದಲಿಗೇ 8-10 ಸೀಸೆ ಬೇಕಾಗುತ್ತದೆ. ಇದು ವೈದ್ಯರೇ ತೀರ್ಮಾನಿಸಬೇಕಾದ ವಿಷಯ. ದಾಸ್ತಾನಿನ ದಿನಾಂಕ ನೋಡಿ, ಮುಗಿಯುವ ಮುನ್ನವೇ ಹೊಸದನ್ನು ತರಿಸುವುದು ಆಸ್ಪತ್ರೆಯ ಹೊಣೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದೆ. ಎಲ್ಲಿ ಎಷ್ಟು ಮದ್ದು ಬೇಕೆಂಬ ಲೆಕ್ಕ ಇದರಿಂದ ಸಿಗಬೇಕು.

ಪಾಲಕರೇ, ಮಕ್ಕಳಿಗೆ ಇಷ್ಟು ಕಲಿಸಿ: ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ವಿಷ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಮಂತ್ರ, ನಾಟಿ ಮದ್ದೆಂದು ಕಳೆದ ಹೊತ್ತನ್ನು ಎಂಥ ಹೊಸ ಸೀಸೆಯೂ ಮರಳಿ ಕೊಡದು.