ಸೆರಾಂಪುರದ ನಿಬಂಧನೆಗಳೂ ವಿದ್ಯಾರ್ಥಿಯ ಅನುಕೂಲವೂ

ಕನ್ನಡ ವ್ಯಾಕರಣಗಳ ಚರಿತ್ರೆಯನ್ನು ವ್ಯಾಸಂಗ ಮಾಡಿದವರಿಗೆ ಸೆರಾಂಪುರದ ಹೆಸರು ಅಪರಿಚಿತವಾದುದಲ್ಲ. ವಿಲಿಯಂ ಕೇರಿಯು ಇಂಗ್ಲಿಷಿನಲ್ಲಿ ರಚಿಸಿದ ಕನ್ನಡ ವ್ಯಾಕರಣವು 1817ರಲ್ಲಿ ಹೊರಬಿದ್ದುದು ಹೂಗ್ಲಿ ನದಿಯ ದಡದಲ್ಲಿರುವ ಆ ಊರಿನ ಮಿಷನ್ ಮುದ್ರಣಾಲಯದಿಂದಲೇ. ಅದರ ಮರುವರ್ಷ, ಎಂದರೆ 1818ರಲ್ಲಿ, ಕೇರಿ, ಜೋಷುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಎಂಬ ಮೂವರು ಅಲ್ಲಿ ಒಂದು ಕಾಲೇಜನ್ನು ಸ್ಥಾಪಿಸಿದರು. ಭಾರತದಲ್ಲಿ ಕ್ರೈಸ್ತ ದೇವಶಾಸ್ತ್ರದ ಉನ್ನತ ವ್ಯಾಸಂಗವು ಇಂದು ಯಾವ ವ್ಯವಸ್ಥೆಯ ಮೇಲೆ ಬಹುಮಟ್ಟಿಗೆ ನಿಂತಿದೆಯೋ ಅದರ ಮೂಲ ಈ ಕಾಲೇಜು. ಇಂತಹ ಸಂಸ್ಥೆಯು ಬಡವಿದ್ಯಾರ್ಥಿಗೆ ನೆರವಾಗುವುದು ವೇತನದ ಹಣದಿಂದ ಮಾತ್ರವೇ ಅಲ್ಲ. ಪ್ರವೇಶ, ವಾಸ, ಭಾಷೆ, ಪರೀಕ್ಷೆ ಇವುಗಳ ನಿಯಮಗಳಿಂದಲೂ ಹೌದು. ಪ್ರಕೃತ ಲೇಖನದ ವಿಚಾರ ಇದು.

ಆಗ ಸೆರಾಂಪುರವು ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದಿತು. ಆರನೆಯ ಫ್ರೆಡರಿಕ್ ದೊರೆಯು 1827ರ ಫೆಬ್ರವರಿ 23ರಂದು ಕಾಲೇಜಿಗೆ ರಾಜಶಾಸನವೊಂದನ್ನು ದಯಪಾಲಿಸಿ ಪದವಿಗಳನ್ನು ಕೊಡುವ ಅಧಿಕಾರವನ್ನಿತ್ತನು. ಕಲ್ಕತ್ತೆಯ ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಇನ್ನೂ ಮೂವತ್ತು ವರ್ಷಗಳಿದ್ದುವೆಂಬುದನ್ನು ನೆನೆದರೆ ಈ ಅಧಿಕಾರದ ಮಹತ್ತ್ವ ಅರಿವಾಗುವುದು. 1845ರಲ್ಲಿ ಊರು ಬ್ರಿಟಿಷರ ಕೈಸೇರಿದಾಗ ಒಪ್ಪಂದದಲ್ಲಿಯೇ ಕಾಲೇಜಿನ ಹಕ್ಕುಗಳನ್ನು ಉಳಿಸಿಕೊಳ್ಳಲಾಯಿತು.

ರಾಜಶಾಸನಕ್ಕಿಂತ ಹೆಚ್ಚು ಕುತೂಹಲಕರವಾದುವು 1833ರಲ್ಲಿ ರೂಪುಗೊಂಡ ನಿಬಂಧನೆಗಳು. ಜಾತಿಯಾಗಲಿ ಮೈಬಣ್ಣವಾಗಲಿ ಹುಟ್ಟಿದ ದೇಶವಾಗಲಿ ಪ್ರವೇಶಕ್ಕೆ ಅಡ್ಡಿಯಾಗಬಾರದೆಂದು ಅವು ವಿಧಿಸಿದುವು. ಪ್ರಾಟೆಸ್ಟೆಂಟ್, ರೋಮನ್ ಕ್ಯಾಥೊಲಿಕ್, ಗ್ರೀಕ್, ಅರ್ಮೇನಿಯನ್ ಎಂಬ ಭೇದವಿಲ್ಲದೆ ಎಲ್ಲ ಪಂಗಡಗಳ ಕ್ರೈಸ್ತರನ್ನೂ ಸೇರಿಸಿಕೊಳ್ಳಬಹುದಾಗಿದ್ದಿತು. ಹಿಂದೂ ಮುಸಲ್ಮಾನ ತರುಣರು ತಮ್ಮ ಆಚಾರದ ನಿರ್ಬಂಧದಿಂದ ಕಾಲೇಜಿನಲ್ಲಿ ವಾಸಿಸಲಾರರು; ಆದರೂ ಬಂದು ಓದಬಹುದು. ವಿದ್ಯೆಗೂ ಊಟವಸತಿಗೂ ಇದ್ದ ಗಂಟನ್ನು ಹೀಗೆ ಬಿಡಿಸಿದುದು ಆ ಕಾಲಕ್ಕೆ ಸಣ್ಣ ಮಾತಲ್ಲ. ವಿವಾಹವು ಯಾವ ಸ್ಥಾನಕ್ಕೂ, ಕಟ್ಟಕಡೆಯ ವಿದ್ಯಾರ್ಥಿಯ ಸ್ಥಾನಕ್ಕೂ, ಬಾಧಕವಲ್ಲವೆಂದು ಮತ್ತೊಂದು ನಿಬಂಧನೆ ಸಾರಿತು. ಬಾಲ್ಯವಿವಾಹವು ಸಾಮಾನ್ಯವಾಗಿದ್ದ ನಾಡಿನಲ್ಲಿ ಈ ಒಂದು ವಾಕ್ಯವಿಲ್ಲದಿದ್ದರೆ ಎಷ್ಟು ಜನ ತರುಣರು ಹೊಸಲಿನಲ್ಲಿಯೇ ನಿಲ್ಲಬೇಕಾಗುತ್ತಿದ್ದಿತೋ! ಯಾರಿಂದಲೂ ಪ್ರಮಾಣವಚನ ಮಾಡಿಸಕೂಡದೆಂಬುದು ಇನ್ನೊಂದು.

ಈ ಕಡೆಯ ನಿಯಮದ ಹಿಂದಿನ ನೋವನ್ನು ನಾವು ಇಂಗ್ಲೆಂಡಿನಲ್ಲಿ ಹುಡುಕಬೇಕು. ಕೇರಿಯು ಮೊದಲು ಪಾದರಕ್ಷೆ ಹೊಲಿಯುತ್ತಿದ್ದವನು. ವಾರ್ಡ್ ಮುದ್ರಣದ ಕಸುಬಿನವನು. ಮಾರ್ಷ್‌ಮನ್ ನೇಯ್ಗೆಯವರ ಮನೆಯಲ್ಲಿ ಹುಟ್ಟಿ ಉಪಾಧ್ಯಾಯನಾದವನು. ಮೂವರೂ ಬ್ಯಾಪ್ಟಿಸ್ಟರು, ಎಂದರೆ ರಾಜ್ಯದ ಅಧಿಕೃತ ಚರ್ಚಿನ ಹೊರಗಿನವರು. ಆಕ್ಸ್‌ಫರ್ಡಿಗೆ ಸೇರಬೇಕಾದರೆ ಆ ಚರ್ಚಿನ ಮೂವತ್ತೊಂಬತ್ತು ವಿಧಿಗಳಿಗೆ ಸಹಿ ಹಾಕಬೇಕೆಂಬ ಕಟ್ಟಳೆ 1854ರವರೆಗೂ ನಡೆಯಿತು. ಉಳಿದ ಮತಪರೀಕ್ಷೆಗಳಲ್ಲಿ ಹೆಚ್ಚಿನವು ರದ್ದಾದುದು 1871ರಲ್ಲಿ. ತಮಗೆ ಮುಚ್ಚಿದ್ದ ಬಾಗಿಲನ್ನು ಮತ್ತೊಬ್ಬರಿಗೆ ಮುಚ್ಚಬಾರದೆಂಬ ಎಚ್ಚರವು ಈ ನಿಬಂಧನೆಗಳಲ್ಲಿ ಕಾಣುವುದೆಂದು ನನ್ನ ಅಭಿಪ್ರಾಯ. ಅಧ್ಯಾಪಕರ ವಿಷಯದಲ್ಲಿ ಮಾತ್ರ ಅವರು ಇಷ್ಟು ಉದಾರಿಗಳಾಗಿರಲಿಲ್ಲ; ಕ್ರಿಸ್ತನ ದೈವತ್ವವನ್ನು ನಂಬದವರಿಗೆ ಅಲ್ಲಿ ಬೋಧಕಸ್ಥಾನವಿರಲಿಲ್ಲ.

ಇಷ್ಟೆಲ್ಲ ಸಿದ್ಧವಾಗಿದ್ದರೂ ದೇವಶಾಸ್ತ್ರದ ಪದವಿಯನ್ನು ಯಾರೂ ಪಡೆಯಲಿಲ್ಲ. ವಾರ್ಡ್ 1823ರಲ್ಲಿ, ಕೇರಿ 1834ರಲ್ಲಿ, ಮಾರ್ಷ್‌ಮನ್ 1837ರಲ್ಲಿ ತೀರಿಕೊಂಡರು. 1857ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಮೇಲೆ ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಅಲ್ಲಿಯ ಪರೀಕ್ಷೆಗಳಿಗೆ ಕಳುಹಿಸತೊಡಗಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪ್ರಾಂಶುಪಾಲ ಜಾರ್ಜ್ ಹೋವೆಲ್ಸ್ ಹಳೆಯ ಹಕ್ಕಿಗೆ ಮರಳಿ ಜೀವ ತುಂಬಿದರು. ಮೊದಲ ಬಿ.ಡಿ. ಪದವಿಗಳು 1915ರಲ್ಲಿ ದೊರೆತುವು. ರಾಜಶಾಸನಕ್ಕೆ ಆಗ ಎಂಬತ್ತೆಂಟು ವರ್ಷ ತುಂಬಿದ್ದಿತು. 1918ರಲ್ಲಿ ಬಂಗಾಳದ ಶಾಸನಸಭೆಯ ಕಾಯಿದೆಯು ಹಲವು ಪಂಗಡಗಳ ಪ್ರತಿನಿಧಿಗಳುಳ್ಳ ಸೆನೆಟ್ಟಿಗೆ ಪದವಿಗಳ ಹೊಣೆಯನ್ನು ವಹಿಸಿತು.

ಅಂದಿನಿಂದ ಬೆಳೆದ ಪದ್ಧತಿ ಹೀಗಿದೆ: ಬೋಧನೆ ನಾನಾ ಊರುಗಳ ಕಾಲೇಜುಗಳಲ್ಲಿ, ಪದವಿ ಒಂದೇ ಸೆನೆಟ್ಟಿನಿಂದ. 1910ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜೂ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜೂ ಈ ಬಳಗಕ್ಕೆ ಸೇರಿದುವು. ಸಣ್ಣ ಕಾಲೇಜಿನಲ್ಲಿ ಓದಿದವನ ಪದವಿಗೂ ದೊಡ್ಡ ಕಾಲೇಜಿನಲ್ಲಿ ಓದಿದವನ ಪದವಿಗೂ ಬೆಲೆ ಒಂದೇ. ವಿದ್ಯಾರ್ಥಿಯ ಖರ್ಚನ್ನು ಸಾಮಾನ್ಯವಾಗಿ ಅವನನ್ನು ಆರಿಸಿ ಕಳುಹಿಸಿದ ಸಭೆಯೇ ವಹಿಸುವುದು. ಇದು ದೊಡ್ಡ ಆಸರೆಯೇನೋ ಸರಿ. ಆದರೆ ಹಣವಿತ್ತವರಿಗೆ ವಿದ್ಯಾರ್ಥಿಯ ಮುಂದಿನ ಕೆಲಸವನ್ನು ಗೊತ್ತುಮಾಡುವ ಅಧಿಕಾರವೂ ಸಹಜವಾಗಿ ಬರುವುದರಿಂದ, ಸಂಶೋಧನೆಯ ಕಡೆಗೆ ಒಲವುಳ್ಳವನಿಗೆ ಇದೇ ಇಕ್ಕಟ್ಟೂ ಆಗಬಹುದು.

ಉಳಿದುದು ಭಾಷೆಯ ಪ್ರಶ್ನೆ. ಸ್ಥಾಪಕರು ದೇಶಭಾಷೆಗೂ ಸಂಸ್ಕೃತಕ್ಕೂ ಮೊದಲ ಮಣೆ ಹಾಕಿದ್ದರು. ಅಲ್ಲಿಯ ಅಧ್ಯಾಪಕ ಜಾನ್ ಮ್ಯಾಕ್ 1834ರಲ್ಲಿಯೇ ಬಂಗಾಳಿಯಲ್ಲಿ ರಸಾಯನಶಾಸ್ತ್ರದ ಪುಸ್ತಕವನ್ನು ಪ್ರಕಟಿಸಿದನು. ಸೆನೆಟ್ಟಿನ ಕಾಲಕ್ಕಾದರೋ ಬಿ.ಡಿ.ಯು ಇಂಗ್ಲಿಷಿನಲ್ಲಿ ನೆಲೆಯೂರಿತು. ದೇಶಭಾಷೆಗಳ ಪಾಲಿಗೆ ಬಹುಕಾಲ ದೊರೆತುದು ಅದಕ್ಕಿಂತ ಕೆಳಗಿನ ಹಂತದ ಎಲ್.ಟಿಎಚ್. ಮೊದಲಾದ ವ್ಯಾಸಂಗಗಳು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಕಲಿತು ಬಂದವನು ಹೀಬ್ರೂ, ಗ್ರೀಕ್ ಭಾಷೆಗಳ ಪರಿಚಯವನ್ನು ಮೂರನೆಯದೊಂದು ಪರಭಾಷೆಯ ಮೂಲಕ ಪಡೆಯಬೇಕಾದಾಗ, ಅವನ ಸೋಲು ಯಾವ ವಿಷಯದಲ್ಲಿ ಆದುದೆಂದು ಪರೀಕ್ಷಕನಿಗೂ ತಿಳಿಯದು. 1969ರಲ್ಲಿ ಆರಂಭವಾದ ಮದುರೆಯ ತಮಿಳುನಾಡು ಥಿಯೊಲಾಜಿಕಲ್ ಸೆಮಿನರಿಯು ಬಿ.ಡಿ.ಯನ್ನು ತಮಿಳಿನಲ್ಲಿಯೇ ಬೋಧಿಸಿ, ಅದೇ ಸೆನೆಟ್ಟಿನ ಪದವಿಗೆ ತನ್ನ ವಿದ್ಯಾರ್ಥಿಗಳನ್ನು ಸಿದ್ಧಪಡಿಸುತ್ತ ಬಂದಿದೆ. ಇದಕ್ಕಾಗಿ ಅಲ್ಲಿಯವರು ಪಠ್ಯಗಳನ್ನೂ ಪಾರಿಭಾಷಿಕ ಪದಗಳನ್ನೂ ತಮಿಳಿನಲ್ಲಿ ಒದಗಿಸಿಕೊಳ್ಳಬೇಕಾಯಿತು. ಕನ್ನಡದಲ್ಲಿ ಆ ಕೆಲಸ ನಡೆಯಬೇಕಾದರೆ ದೇವಶಾಸ್ತ್ರದ ಕಾಲೇಜುಗಳೊಡನೆ ನಮ್ಮ ಕನ್ನಡ ವಿಭಾಗಗಳೂ ಪದಕೋಶಗಳ ರಚನೆಯಲ್ಲಿ ಕೈಗೂಡಿಸಬೇಕಾಗುವುದು.